ಗಂಟಿನ ಮೇಡಮ್ಮಾರು

ಮೇಡಂ ಹೋದ ಸುದ್ದಿ ನನಗೆ ತಿಳಿದದ್ದು ಮೂರು ದಿನ ತಡವಾಗಿ. ಮುಧೋಳದಲ್ಲಿ ಅಣ್ಣನ ಮನೆಯಲ್ಲಿದ್ದರು. ಅಲ್ಲೇ ತೀರಿಕೊಂಡರು, ಅಲ್ಲೇ ಮಣ್ಣೂ ಆಯಿತು. ಜಮಖಂಡಿಯ ಲ್ಯಾಬಿನವರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಅವರ ಹಳೆಯ ಫೋಟೊ ಹಾಕಿದ್ದರು. ಅದರ ಕೆಳಗೆ ಕೈಮುಗಿದ ಗುರುತುಗಳ ಉದ್ದನೆಯ ಸಾಲು. ಮಾತು ಬರೆದವರು ಒಬ್ಬರೂ ಇರಲಿಲ್ಲ. ನಾನೂ ಒಂದು ಕೈಮುಗಿದ ಗುರುತು ಹಾಕಿ ಫೋನು ಕೆಳಗಿಟ್ಟೆ. ಅವರ ಕೈಕೆಳಗೆ ಏಳು ವರ್ಷ ಕೆಲಸ ಮಾಡಿದ ನನ್ನಿಂದಲೂ ಅಷ್ಟೇ ಆಯಿತು.

ಜನ ಅವರನ್ನು ಗಂಟಿನ ಮೇಡಮ್ಮಾರು ಅನ್ನುತ್ತಿದ್ದರು. ಮೈಮೇಲೆ ಎಲ್ಲೇ ಗಂಟು ಏಳಲಿ, ಡಾಕ್ಟರು ಅದನ್ನು ಕೊಯ್ದು ಫಾರ್ಮಲಿನ್ ತುಂಬಿದ ಡಬ್ಬಿಯಲ್ಲಿ ಹಾಕಿ, "ಗಂಟಿನ ಮೇಡಮ್ಮಾರ ಕಡೆ ಕೊಟ್ಟ ಬರ್ರಿ" ಎಂದು ಮನೆಯವರ ಕೈಗೇ ಕೊಟ್ಟು ಕಳಿಸುತ್ತಿದ್ದರು. ಅದು ಏನೂ ಮಾಡದ ಗಂಟೋ, ಕ್ಯಾನ್ಸರೋ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುವುದು ಅವರ ಕೆಲಸ. ಜಮಖಂಡಿಯ ಒಂದು ಔಷಧಿ ಅಂಗಡಿಯ ಮೇಲಿನ ಎರಡು ಕೋಣೆಗಳೇ ಲ್ಯಾಬು. ಮುಧೋಳ, ಬೀಳಗಿ, ಬನಹಟ್ಟಿ, ತೇರದಾಳ, ಎಲ್ಲ ಕಡೆಯ ಡಬ್ಬಿಗಳೂ ಆ ಮೆಟ್ಟಿಲು ಹತ್ತಿ ಬರುತ್ತಿದ್ದವು. ಬಂದ ತುಂಡನ್ನು ಮೇಣದ ಅಚ್ಚಿನಲ್ಲಿ ಕೂರಿಸಿ, ಉಳ್ಳಾಗಡ್ಡಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಹಾಸಿ, ಬಣ್ಣ ಹಾಕಿ ಅವರ ಮುಂದಿಡುವುದು ನನ್ನ ಕೆಲಸ.

ಅವರು ಬೀಳಗಿ ಕಡೆಯವರು, ಮುಳುಗಡೆಯಾದ ಊರಿನವರು. ಯಾರಾದರೂ "ಯಾವ ಊರ್ರಿ ನಿಮ್ದು?" ಎಂದು ಕೇಳಿದರೆ, "ನೀರಾಗೈತಿ" ಅನ್ನುತ್ತಿದ್ದರು, ಅಷ್ಟೇ. ಮದುವೆಯಾಗಿರಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಗಿಡ್ಡ ಆಳು, ನೂಲಿನ ಸೀರೆ, ಅದರ ಮೇಲೆ ಬಣ್ಣದ ಕಲೆ ಬಿದ್ದ ಬಿಳಿ ಕೋಟು. ಮಧ್ಯಾಹ್ನದ ರೊಟ್ಟಿಯನ್ನು ಲ್ಯಾಬಿನೊಳಗೆ ಎಂದೂ ತಿನ್ನುತ್ತಿರಲಿಲ್ಲ. ರೊಟ್ಟಿಗೆ ಫಾರ್ಮಲಿನ್ ವಾಸನೆ ಹತ್ತುತ್ತದೆ ಎಂದು ಮೆಟ್ಟಿಲ ತುದಿಯಲ್ಲಿ ಕೂತು, ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುತ್ತಿದ್ದರು. ಹಾಗಾಗಿ ವರದಿ ಕೇಳಲು ಹತ್ತಿ ಬಂದವರಿಗೆ ಮೊದಲು ಸಿಗುತ್ತಿದ್ದವರು ಅವರೇ. ಎಷ್ಟೋ ಜನ ಅವರನ್ನು ಕಸ ಗುಡಿಸುವವರು ಎಂದು ತಿಳಿದು, "ಮೇಡಮ್ಮಾರು ಅದಾರೇನವಾ?" ಎಂದು ಕೇಳಿದ್ದಿದೆ. "ಅದಾರ, ಕುಂಡ್ರಿ" ಎಂದು ರೊಟ್ಟಿ ಮುಗಿಸಿ, ಕೈ ತೊಳೆದು, ಕೋಟು ಹಾಕಿಕೊಂಡು ಬಂದು ಅವರ ಮುಂದೆ ಕೂರುತ್ತಿದ್ದರು.

ಅವರ ಎಡ ಮೊಣಕಾಲ ಕೆಳಗೆ ತೊಗರಿಕಾಳಿನಷ್ಟು ದೊಡ್ಡ ಕಂದು ಗಂಟು ಇತ್ತು. ಹೆದರಿ ಬಂದ ಹೆಣ್ಣುಮಕ್ಕಳ ಮುಂದೆ ಸೀರೆಯ ಅಂಚು ತುಸು ಎತ್ತಿ ಅದನ್ನು ಎರಡು ಬೆರಳಲ್ಲಿ ಚಿವುಟಿ ತೋರಿಸುತ್ತಿದ್ದರು. ಚಿವುಟಿದರೆ ಗಂಟು ಮೇಲೆ ಏಳದೆ, ಕೆನ್ನೆಯ ಗುಳಿಯ ಹಾಗೆ ಒಳಗೆ ಇಳಿಯುತ್ತಿತ್ತು.

"ನಂದೂ ಐತಿ ನೋಡ್ರಿ. ನಾರಿನ ಗಂಟು ಇದು. ಮುಳ್ಳ ನಟ್ಟಲ್ಲೆ, ಹುಳ ಕಡದಲ್ಲೆ ಏಳತೈತಿ ಅಂತಾರ. ಖರೆ ಯಾಕ ಏಳತೈತಿ ಯಾರಿಗೂ ಗೊತ್ತಿಲ್ಲ. ಇಪ್ಪತ್ತ ವರ್ಷಾತು, ನಾನೂ ಅದೀನಿ, ಅದೂ ಐತಿ."

ಬಂದವರ ಮುಖ ಸಡಿಲವಾಗುತ್ತಿತ್ತು. ಆದರೆ "ನಿಮಗೂ ಏನೂ ಆಗೂದಿಲ್ಲ" ಎಂಬ ಮಾತನ್ನು ಮೇಡಂ ಬಾಯಿಂದ ನಾನು ಕೇಳಲೇ ಇಲ್ಲ. ಗಾಜಿನ ಮೇಲೆ ನೋಡದೆ ಅವರು ಏನನ್ನೂ ಹೇಳುತ್ತಿರಲಿಲ್ಲ.

ಆ ನಾರಿನ ಗಂಟಿಗೆ ಡಾಕ್ಟರರ ಹೆಸರು ಡರ್ಮಟೋಫೈಬ್ರೋಮಾ. ಲ್ಯಾಬಿಗೆ ಬರುವ ಗಂಟುಗಳಲ್ಲಿ ಅದಕ್ಕಿಂತ ಬಡಪಾಯಿ ಇನ್ನೊಂದಿಲ್ಲ. ಆದರೂ ಅದರ ಸ್ಲೈಡು ಬಂದಾಗಲೇ ಮೇಡಂ ಹೆಚ್ಚು ಹೊತ್ತು ಕೂರುತ್ತಿದ್ದರು. "ಕಳ್ಳ ಸಾಧೂನ ವೇಷ ಹಾಕ್ತಾನ, ಅದು ಎಲ್ಲಾರಿಗೂ ಗೊತ್ತು. ಒಮ್ಮೊಮ್ಮೆ ಸಾಧೂನೂ ಕಳ್ಳನ ವೇಷ ಹಾಕ್ತಾನ, ತಂಗಿ" ಅನ್ನುತ್ತಿದ್ದರು. ಒಂದು ಜಾತಿ ಒಳಗೇ ರಕ್ತ ತುಂಬಿಕೊಂಡು ಕಪ್ಪಗಾಗಿ ಮೆಲನೋಮಾ ಎಂಬ ಘೋರ ಕ್ಯಾನ್ಸರಿನ ಹಾಗೆ ಕಾಣುತ್ತದೆ. ಇನ್ನೊಂದು ಜಾತಿಯಲ್ಲಿ ಎದೆ ಝಲ್ಲೆನ್ನುವಷ್ಟು ವಿಕಾರವಾದ ದೊಡ್ಡ ಜೀವಕಣಗಳಿರುತ್ತವೆ, ಆದರೆ ಯಾರಿಗೂ ಕೇಡು ಮಾಡುವುದಿಲ್ಲ. ಮತ್ತೊಂದರಲ್ಲಿ ಕಣಗಳು ಒತ್ತೊತ್ತಾಗಿ ತುಂಬಿ, ಬೇರು ಬಿಡುವ ಒಂದು ಕ್ಯಾನ್ಸರಿನ ಹಾಗೆಯೇ ಇರುತ್ತವೆ. ಆ ಕ್ಯಾನ್ಸರನ್ನು ಮೇಡಂ ಇದರ ದಾಯಾದಿ ಎಂದು ಕರೆಯುತ್ತಿದ್ದರು.

ನಾನು ರಬಕವಿಯ ನೇಕಾರರ ಮನೆಯ ಮಗಳು, ಮದುವೆಯಾಗಿ ಜಮಖಂಡಿಗೆ ಬಂದವಳು. ಒಂದು ದಿನ ನನ್ನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿ ಹೇಳಿದರು: "ನಿಮ್ಮ ಮನ್ಯಾಗ ಮಗ್ಗ ಐತಲ, ನಿನಗ ಲಗೂನ ತಿಳೀತೈತಿ. ಸಾಧು ಗಂಟಿಗೆ ಸೀರಿಗೆ ಇದ್ದಂಗ ಒಂದ ಅಂಚ ಇರ್ತೈತಿ. ಅಲ್ಲಿಗೆ ಬಂದ ನಿಲ್ಲತೈತಿ. ಆ ದಾಯಾದಿಗೆ ಅಂಚಿಲ್ಲ. ಕೆಳಗ ಕೊಬ್ಬಿನ್ಯಾಗ ಎಳಿ ಬಿಟ್ಕೋತ ಹೋಗತೈತಿ. ಮ್ಯಾಲ ನೋಡಿದ್ರ ಎರಡೂ ಒಂದ. ತಳ ನೋಡಬೇಕು."

ಈ ಪಾಠ ಅವರು ನನಗೆ ಹೇಳಿಕೊಟ್ಟದ್ದು ನಾನು ಸೇರಿ ನಾಲ್ಕನೇ ವರ್ಷ. ಮೊದಲ ವರ್ಷವೇ ಹೇಳಿದ್ದರೆ ಎಂದು ಯೋಚಿಸಿ ನನ್ನನ್ನು ನಾನು ಬಿಡಿಸಿಕೊಳ್ಳಲು ನೋಡಿದ್ದುಂಟು. ಆದರೆ ಅದು ನೆಪ. ಚರ್ಮದ ತುಂಡನ್ನು ಮೇಣದಲ್ಲಿ ಹೇಗೆ ಕೂರಿಸಬೇಕು ಎಂದು ನನಗೆ ಕಾಲೇಜಿನಲ್ಲೇ ಕಲಿಸಿದ್ದರು.

ನಾನು ಕೆಲಸಕ್ಕೆ ಸೇರಿದ ಎರಡನೇ ತಿಂಗಳು ತೇರದಾಳದಿಂದ ಒಂದು ಡಬ್ಬಿ ಬಂತು. ಪದ್ಮವ್ವ ಎಂಬ ಹೆಣ್ಣುಮಗಳ ಹೆಗಲ ಮೇಲಿನ ಗಂಟಿನ ತುಂಡು. ಚರ್ಮದ ತುಂಡನ್ನು ಮೇಣದಲ್ಲಿ ಮಗ್ಗುಲಾಗಿ ನಿಲ್ಲಿಸಬೇಕು. ಆಗ ಕೊಯ್ದ ಪದರದಲ್ಲಿ ಮೇಲಿನ ಚರ್ಮದಿಂದ ಕೆಳಗಿನ ಕೊಬ್ಬಿನವರೆಗೆ ಎಲ್ಲ ಕಾಣುತ್ತದೆ. ನಾನು ಅದನ್ನು ಚಪ್ಪಟೆಯಾಗಿ ಮಲಗಿಸಿದೆ. ಮರುದಿನ ಕೊಯ್ಯುವಾಗ ನನಗೆ ಗೊತ್ತಾಯಿತು. ಮತ್ತೆ ಮೇಣ ಕರಗಿಸಿ ಸರಿಯಾಗಿ ನಿಲ್ಲಿಸಿದರೆ ಅರ್ಧ ದಿನದ ಕೆಲಸ. ಹೊಸ ಕೆಲಸ, ಬೈಸಿಕೊಳ್ಳುವ ಹೆದರಿಕೆ. ಹಾಗೇ ಕೊಯ್ದು ಸ್ಲೈಡು ಮಾಡಿ ಕೊಟ್ಟೆ.

ಮೇಡಂ ನೋಡಿದರು. ತಲೆ ಎತ್ತಿ ಕೇಳಿದರು, "ಇದರಾಗ ತಳ ಬಂದಿಲ್ಲಲ?"

"ತುಂಡ ಸಣ್ಣದಿತ್ರಿ ಮೇಡಂ. ಬಂದದ್ದ ಅಷ್ಟ್ರಿ."

"ಹೌದಾ" ಅಂದರು. ಮತ್ತೊಮ್ಮೆ ನೋಡಿದರು. ಕಣಗಳು ಒತ್ತಾಗಿ ತುಂಬಿದ ಜಾತಿಯ ನಾರಿನ ಗಂಟು, ಕ್ಯಾನ್ಸರ್ ಅಲ್ಲ ಎಂದು ಬರೆದು ಸಹಿ ಮಾಡಿದರು.

ಮೂರು ವರ್ಷದ ಮೇಲೆ ಅದೇ ಹೆಸರಿನ ಡಬ್ಬಿ ಮತ್ತೆ ಬಂತು. ಈ ಸಲ ತುಂಡು ಅಂಗೈಯಷ್ಟು ಇತ್ತು. ಸ್ಲೈಡು ನೋಡಿದ ಮೇಡಂ ಹಳೆಯ ರಿಜಿಸ್ಟರು ತರಿಸಿದರು. ಹಳೆಯ ಅಚ್ಚು ತರಿಸಿದರು. ನನಗೆ ಕೊಡಲಿಲ್ಲ. ತಾವೇ ಮೇಣ ಕರಗಿಸಿದರು, ಚಿಮಟದಲ್ಲಿ ಆ ಚೂರನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು, ಮಗ್ಗುಲಾಗಿ ನಿಲ್ಲಿಸಿದರು, ತಾವೇ ಕೊಯ್ದರು, ತಾವೇ ಬಣ್ಣ ಹಾಕಿದರು. ನಾನು ಪಕ್ಕದಲ್ಲಿ ನಿಂತೇ ಇದ್ದೆ. ತುಂಬ ಹೊತ್ತು ನೋಡಿದ ಮೇಲೆ ಅವರು ಕುರ್ಚಿ ಬಿಟ್ಟು ಎದ್ದು, "ನೋಡು" ಅಂದರು.

ನೋಡಿದೆ. ಚೂರಿನ ತಳದಲ್ಲಿ ತುಸುವೇ ಕೊಬ್ಬು ಇತ್ತು. ಅದರ ನಡುನಡುವೆ ಕಣಗಳು ಎಳೆ ಬಿಟ್ಟುಕೊಂಡು ಇಳಿದಿದ್ದವು. ಅದು ದಾಯಾದಿ. ಮೂರು ವರ್ಷದ ಹಿಂದೆಯೇ ಅಲ್ಲಿ ಇತ್ತು.

ಈಗ ಬೈಯುತ್ತಾರೆ ಎಂದು ಕಾದೆ. ಅವರು ಕೈ ತೊಳೆದರು. ಒರೆಸಿಕೊಳ್ಳುತ್ತ, "ನಾಳೆ ತೇರದಾಳಕ್ಕ ಹೋಗಬೇಕು. ನೀನೂ ಬಾ" ಅಂದರು.

ಆ ಜಾತಿಯ ಕ್ಯಾನ್ಸರು ಸಾಮಾನ್ಯವಾಗಿ ಇದ್ದಲ್ಲೇ ನಿಧಾನವಾಗಿ ಬೇರು ಬಿಡುತ್ತದೆ. ಮೊದಲೇ ತಿಳಿದು ಸುತ್ತ ಅಗಲವಾಗಿ ಕೊಯ್ದು ತೆಗೆದರೆ ಬಹಳಷ್ಟು ಮಂದಿ ಬದುಕಿಕೊಳ್ಳುತ್ತಾರೆ. ಪದ್ಮವ್ವನ ಗಂಟು ಈ ಮೂರು ವರ್ಷಗಳಲ್ಲಿ ಸ್ವಭಾವ ಬದಲಿಸಿ ಶ್ವಾಸಕೋಶಕ್ಕೂ ಹೋಗಿತ್ತು. ನಾವು ಹೋದಾಗ ಆಕೆ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ನಲವತ್ತು ದಾಟಿರಲಿಕ್ಕಿಲ್ಲ. ಹೆಗಲ ಮೇಲೆ ಬಿಳಿ ಪಟ್ಟಿ, ಆ ಕಡೆಯ ಕೈ ಊದಿತ್ತು. ಗಂಡ ಜಿನ್ನಪ್ಪ ಚಾಪೆ ಹಾಸಿದರು. ದವಾಖಾನೆಯಿಂದ ಬಂದವರು ಎಂದು ಚಹಾಕ್ಕೆ ಹೇಳಿದರು. ಮೇಡಂ ಚಾಪೆಯ ಮೇಲೆ ಕೂರಲಿಲ್ಲ. ನಿಂತೇ ಹೇಳಿದರು.

"ಮೂರ ವರ್ಷದ ಹಿಂದ ಇದು ಕ್ಯಾನ್ಸರ್ ಅಲ್ಲ ಅಂತ ಬರದಾಕಿ ನಾನು. ಅವತ್ತ ಇದು ಕ್ಯಾನ್ಸರ್ ಇತ್ತು. ನಾ ನೋಡಲಿಲ್ಲ. ತಪ್ಪ ನಂದು."

ಜಿನ್ನಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವರು ಬೈದ ಬೈಗುಳವನ್ನು ನಾನು ಬರೆಯಲಾರೆ. ಓಣಿಯ ಜನ ಬಾಗಿಲಿಗೆ ಬಂದರು. ಕೊರಳಲ್ಲಿ ತಾಳಿಯಿಲ್ಲದ ಹೆಂಗಸು, ನಿನಗೇನು ಗೊತ್ತು ಎಂಬಲ್ಲಿಂದ ಶುರುವಾಗಿ ಅದು ಎಲ್ಲೆಲ್ಲಿಗೋ ಹೋಯಿತು. ಮೇಡಂ ಕಣ್ಣು ಕೆಳಗೆ ಮಾಡಿ ಪೂರ್ತಿ ಕೇಳಿಸಿಕೊಂಡರು. ನಾನು ಅವರ ಬೆನ್ನ ಹಿಂದೆ ನಿಂತಿದ್ದೆ. ನನ್ನ ಬಾಯಿಗೆ ಮಾತು ಬಂದಿತ್ತು. ಹೊರಗೆ ಬರಲಿಲ್ಲ. ಕೊನೆಗೆ ಪದ್ಮವ್ವನೇ, "ಸಾಕ ಬಿಡ್ರಿ. ಹೇಳಾಕರ ಬಂದಾರ" ಎಂದು ಗಂಡನನ್ನು ತಡೆದಳು.

ಆಮೇಲೆ ಆಕೆ ಏಳು ತಿಂಗಳು ಬದುಕಿದಳು. ಮೇಡಂ ಎರಡು ವಾರಕ್ಕೊಮ್ಮೆ ಬಸ್ಸು ಹತ್ತಿ ತೇರದಾಳಕ್ಕೆ ಹೋಗಿ, ಗಾಯದ ಪಟ್ಟಿ ಬದಲಿಸಿ ಬರುತ್ತಿದ್ದರು. ಜಿನ್ನಪ್ಪ ಅವರೊಡನೆ ಮಾತಾಡುತ್ತಿರಲಿಲ್ಲ. ಅವರು ಬಂದರೆ ಎದ್ದು ಹೊರಗೆ ಹೋಗುತ್ತಿದ್ದರಂತೆ. ನಾನು ಮತ್ತೆ ಹೋಗಲಿಲ್ಲ. ಅವರೂ ಬಾ ಅನ್ನಲಿಲ್ಲ. ಆ ದಿನಗಳಲ್ಲೇ ನನ್ನನ್ನು ಕೂರಿಸಿಕೊಂಡು ಅಂಚಿನ ಪಾಠ, ತಳದ ಪಾಠ ಹೇಳಿಕೊಟ್ಟದ್ದು. ಹೇಳುವಾಗ ದನಿಯಲ್ಲಿ ಒಂದು ಕೊಂಕೂ ಇರಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಗುತ್ತಿತ್ತು.

ಊರಿಗೆಲ್ಲ ಸುದ್ದಿಯಾಯಿತು. ತಾವಾಗಿ ಮನೆಗೆ ಹೋಗಿ ತಪ್ಪು ಒಪ್ಪಿಕೊಂಡ ಡಾಕ್ಟರನ್ನು ಯಾರೂ ಕಂಡಿರಲಿಲ್ಲ. ಕಂಡದ್ದು ಉಳಿದ ಡಾಕ್ಟರುಗಳಿಗೆ ಹಿಡಿಸಲೂ ಇಲ್ಲ. ಒಬ್ಬ ಹಿರಿಯ ವೈದ್ಯರು ಲ್ಯಾಬಿಗೇ ಬಂದು, "ಏನ್ರಿ ಮೇಡಂ, ನಮ್ಮೆಲ್ಲಾರ ಮಾನ ಕಳೀತೀರೇನು?" ಎಂದು ಕೇಳಿ ಹೋದರು. ಡಬ್ಬಿಗಳು ಕಡಿಮೆಯಾದವು. ಬರುವವೂ ಮೇಡಂ ಕೈಯಲ್ಲಿ ತಡವಾಗತೊಡಗಿದವು. ತುಂಡಿನಲ್ಲಿ ತಳವಿಲ್ಲ ಎಂದು ವಾಪಸು ಕಳಿಸುತ್ತಿದ್ದರು. ಅನುಮಾನ ಬಂದರೆ ದೊಡ್ಡ ಊರಿನವರಿಗೂ ಸ್ಲೈಡು ಕಳಿಸಿ ಕೇಳುತ್ತಿದ್ದರು.

ಎರಡು ವರ್ಷ ಕಳೆದ ಮೇಲೆ ಬನಹಟ್ಟಿಯಿಂದ ಈರಣ್ಣ ಬಂದ. ಪವರ್‌ಲೂಮ್ ರಿಪೇರಿ ಮಾಡುವವನು. ಬಲಗೈ ಹೆಬ್ಬೆರಳಿನ ಗೆಣ್ಣಿನ ಮೇಲೆ ಕಪ್ಪು ಗಂಟು, ಮುಟ್ಟಿದರೆ ರಕ್ತ. ತುಂಡು ತೆಗೆದ ಸರ್ಜನ್ನರು, ಇದು ಮೆಲನೋಮಾ ಇರಬೇಕು, ಬೆರಳು ತೆಗೆಯಬೇಕಾದೀತು ಎಂದು ಆಗಲೇ ಹೇಳಿಬಿಟ್ಟಿದ್ದರು. ಆ ತುಂಡನ್ನು ನಾನು ಮೂರು ಸಲ ನೋಡಿ ಮಗ್ಗುಲಾಗಿ ನಿಲ್ಲಿಸಿದೆ. ಮೇಡಂ ಎರಡು ದಿನ ಅದರ ಮುಂದೆ ಕೂತರು. ಗಂಟಿನ ತುಂಬ ರಕ್ತದ ಮಡುಗಳು, ಅವುಗಳ ಸುತ್ತ ಆ ರಕ್ತ ತಿಂದು ಕಂದಾದ ಕಣಗಳು. ತಳದಲ್ಲಿ ಅಂಚು ಸ್ವಚ್ಛ.

"ಸಾಧು. ರಕ್ತ ತುಂಬಿದ ಜಾತಿ" ಎಂದು ಸರ್ಜನ್ನರಿಗೆ ಫೋನು ಮಾಡಿದರು. ಆ ಕಡೆಯ ಮಾತು ನನಗೂ ಕೇಳುವಷ್ಟು ಜೋರಾಗಿತ್ತು.

"ಮೇಡಂ, ತೇರದಾಳದ ಕೇಸಿನ್ಯಾಗೂ ನೀವು ಸಾಧು ಅಂತನ ಬರದಿದ್ರಿ."

"ಹೌದ್ರಿ, ಬರದಿದ್ದೆ. ಅದಕ್ಕ ಹೇಳಾಕತ್ತೇನಿ. ನನ್ನ ಮಾತ ನಂಬಬ್ಯಾಡ್ರಿ. ಸ್ಲೈಡ್ ಬ್ಯಾರೆಯವರಿಗೆ ಕಳಸೂಣು. ಎರಡ ವಾರ ತಡೀರಿ. ಬೆರಳ ಮಾತ್ರ ತಗೀಬ್ಯಾಡ್ರಿ."

ಈರಣ್ಣ ಹೆಂಡತಿಯೊಡನೆ ಮೆಟ್ಟಿಲು ಹತ್ತಿ ಬಂದ. "ಮೇಡಮ್ಮಾರ, ನೀವ ಹೇಳ್ರಿ. ನಾ ಏನ ಮಾಡ್ಲಿ?"

"ಎರಡ ವಾರ ತಡೀರಿ, ಈರಣ್ಣಾರ."

ಹೆಂಡತಿ ಗಂಡನ ಕೈ ಹಿಡಿದೇ ನಿಂತಿದ್ದಳು. ಸಿಟ್ಟಿನಿಂದಲ್ಲ, ಹೆದರಿ ಮಾತಾಡಿದಳು. "ತೇರದಾಳದಾಕಿಗೂ ಏನೂ ಇಲ್ಲ ಅಂದಿದ್ರಂತ್ರಿ. ಬೆರಳ ಹೋದ್ರ ಹೋಗ್ಲಿ ಮೇಡಮ್ಮಾರ. ಮನಷ್ಯಾ ಉಳೀಲಿ."

ಆ ಮಾತಿಗೆ ಉತ್ತರ ನನ್ನ ಬಳಿ ಇತ್ತು. ತೇರದಾಳದ ತುಂಡನ್ನು ಕೆಡಿಸಿದ್ದು ನಾನು, ಕೇಳಿದಾಗ ಸುಳ್ಳು ಹೇಳಿದ್ದು ನಾನು, ಇವರ ಕಣ್ಣಿನ ದೋಷವಲ್ಲ ಎಂದು ಆ ಕ್ಷಣ ಹೇಳಿದ್ದರೆ ಆ ಹೆಂಗಸು ನಂಬುತ್ತಿದ್ದಳೋ ಏನೋ. ನಾನು ಬಣ್ಣದ ತಟ್ಟೆಯಲ್ಲಿ ಸ್ಲೈಡು ಅದ್ದುತ್ತ ಬೆನ್ನು ತಿರುಗಿಸಿ ನಿಂತಿದ್ದೆ. ಅವರು ಮೆಟ್ಟಿಲಿಳಿದು ಹೋದರು. ಬೇರೆ ಊರಿನಲ್ಲಿ ಬೆರಳು ತೆಗೆಸಿದರು.

ಒಂದೂವರೆ ತಿಂಗಳಿಗೆ ಈರಣ್ಣ ಒಬ್ಬನೇ ಬಂದ. ಎಡಗೈಯಲ್ಲಿ ಒಂದು ಕಾಗದವಿತ್ತು. ತೆಗೆದ ಬೆರಳನ್ನು ಆ ಊರಿನವರು ಪರೀಕ್ಷೆ ಮಾಡಿ ಕೊಟ್ಟ ವರದಿ.

"ನೀವು ಬರದದ್ದ ಬರದಾರ್ರಿ" ಅಂದ.

ಮೇಡಂ ಓದಿದರು. ಕಾಗದ ಮಡಚಿ ಮೇಜಿನ ಮೇಲಿಟ್ಟರು. ಅವನ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡು ಹೊಲಿಗೆ ನೋಡಿದರು. "ಸಿಟ್ಟಿಲ್ಲರಿ ನಂಗ. ನಿಮಗ ಗೊತ್ತಾಗ್ಲಿ ಅಂತ ಬಂದೆ" ಅಂದ ಅವನು. ನಟ್ಟು ಬಿಗಿಯುವ ಪಾನಾ ಹಿಡಿಯಲು ಬರುವುದಿಲ್ಲವಂತೆ. ಮಾಲೀಕರು ಬಟ್ಟೆ ಮಡಚುವ ಕೆಲಸಕ್ಕೆ ಹಾಕಿದ್ದರಂತೆ. ಅದನ್ನು ಹೆಂಗಸರು ಮಾಡುತ್ತಾರೆ, ಅವರ ನಡುವೆ ಕೂರಲು ನಾಚಿಕೆ ಎಂದು ಹೇಳಿ ನಗಲು ನೋಡಿದ.

ಅವನು ಹೋದ ಮೇಲೆ ಮೇಡಂ ಸೂಕ್ಷ್ಮದರ್ಶಕದ ದೀಪ ಆರಿಸಿದರು. "ತೇರದಾಳದ ಮನಿಗೆ ಹೋಗಿ ಖರೆ ಹೇಳಿದ್ನಲ್ಲ" ಅಂದರು, ನನ್ನ ಕಡೆ ನೋಡದೆ. "ಅದರ ಬೆಲಿ ಇಂವ ಕೊಟ್ಟ."

ಮುಂದಿನ ವರ್ಷ ಲ್ಯಾಬು ಮುಚ್ಚಿತು. ಡಬ್ಬಿಗಳೆಲ್ಲ ಕೊರಿಯರಿನಲ್ಲಿ ದೊಡ್ಡ ಊರುಗಳಿಗೆ ಹೋಗುತ್ತಿದ್ದವು. ನನಗೆ ಬೇರೆ ಕಡೆ ಕೆಲಸ ಅವರೇ ಹೇಳಿ ಕೊಡಿಸಿದರು. "ಕೈ ಛಲೋ ಐತಿ ಈಕಿದು" ಎಂದು ಆ ಲ್ಯಾಬಿನವರಿಗೆ ಬರೆದುಕೊಟ್ಟ ಪತ್ರವನ್ನು ನಾನು ಬಸ್ಸಿನಲ್ಲಿ ಓದಿದೆ.

ಅವರ ಕಿಡ್ನಿ ಕೆಟ್ಟಿದೆ ಎಂದು ತಿಳಿದು ಮುಧೋಳಕ್ಕೆ ಹೋದದ್ದು ಈಚೆಗೆ. ಹಾಸಿಗೆಯಲ್ಲಿ ಅರ್ಧ ಎದ್ದು ಕೂತಿದ್ದರು. ಕಾಲು ಊದಿ, ಆ ತೊಗರಿಕಾಳಿನ ಗಂಟು ಊತದಲ್ಲಿ ಕಾಣದೆ ಹೋಗಿತ್ತು. ಅಣ್ಣನ ಹೆಂಡತಿ ಒಳಗೆ ಹೋದ ಮೇಲೆ ನಾನು ಹೇಳಿದೆ. ಮಲಗಿಸಿದ ತುಂಡು, ಹೇಳಿದ ಸುಳ್ಳು, ಎಲ್ಲ. ಹೇಳಿ ಮುಗಿಸುವಷ್ಟರಲ್ಲಿ ನನಗೆ ಅಳು ಬಂದಿತ್ತು. ಅವರು ಅಳು ನಿಲ್ಲುವವರೆಗೆ ಕಾದರು.

"ಗೊತ್ತಿತ್ತು" ಅಂದರು. "ಅಚ್ಚ ಕರಗಿಸಿದ ದಿನಾನ ಗೊತ್ತಾತು."

"ಮತ್ತ ಯಾಕ ಹೇಳಲಿಲ್ರಿ ಮೇಡಂ? ಒಂದ ಮಾತ ಬೈಲಿಲ್ಲ."

"ನೀ ತುಂಡ ಸಣ್ಣದಿತ್ತು ಅಂದಿ. ನಾ ನಂಬಿದೆ. ನಂಬೂದು ನನ್ನ ಕೆಲಸ ಅಲ್ಲ, ತಂಗಿ. ಅಚ್ಚ ತಗೊಂಡು ನೋಡೂದು ನನ್ನ ಕೆಲಸ. ಸಹಿ ಯಾರದಿತ್ತು?" ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರು. "ನೀ ಹೇಳ್ತಿ ಅಂತ ಕಾದೆ, ಅದು ಖರೆ. ಬಾಳ ದಿನ ಕಾದೆ."

ಕ್ಷಮಿಸಿದ್ದೇನೆ ಎಂದು ಅವರು ಅನ್ನಲಿಲ್ಲ. ಹೊರಡುವಾಗ, "ಬಿಸಲ ಐತಿ, ನೀರ ಕುಡದ ಹೋಗು" ಅಂದರು. ಆಮೇಲೆ ಅವರನ್ನು ನಾನು ನೋಡಲಿಲ್ಲ.

ಸುದ್ದಿ ತಿಳಿದ ಮರುವಾರ ನಾನು ತೇರದಾಳದ ಬಸ್ಸು ಹತ್ತಿದೆ. ಜಿನ್ನಪ್ಪನಿಗೆ ತಲೆಯೆಲ್ಲ ಬೆಳ್ಳಗಾಗಿತ್ತು. ನನ್ನ ಗುರುತು ಹತ್ತಲಿಲ್ಲ. ಯಾರೆಂದು ಹೇಳಿದ ಮೇಲೆ, ಮೇಡಂ ತೀರಿಕೊಂಡ ವಿಷಯ ಹೇಳಿದೆ. ಅವರಿಗೆ ಗೊತ್ತಿರಲಿಲ್ಲ. ಕೂರಲು ಹೇಳಿದರು. ನಾನು ಕೂರದೆ, ಮುಧೋಳದಲ್ಲಿ ಹೇಳಿದ್ದನ್ನೇ ಅಲ್ಲಿ ಇನ್ನೊಮ್ಮೆ ಹೇಳಿದೆ. ಬೈಗುಳ ಬರುತ್ತದೆ ಎಂದು ತಯಾರಾಗಿಯೇ ಹೋಗಿದ್ದೆ. ಬರಲಿ ಎಂದೇ ಹೋಗಿದ್ದೆ.

ಜಿನ್ನಪ್ಪ ಪಡಸಾಲೆಯ ಕಂಬದ ಕಡೆ ನೋಡಿದರು.

"ಆ ಹೆಣ್ಮಗಳು ಇಲ್ಲೇ ನಿಂತು ತಪ್ಪ ನಂದು ಅಂದಾಗ ನಾ ಬೈದಿದ್ದೆ" ಅಂದರು. "ಬೈಬಾರದ್ದೆಲ್ಲ ಬೈದಿದ್ದೆ. ನೀವೂ ಇದ್ರಿ. ಆಮ್ಯಾಗ ಏಳ ತಿಂಗಳ ಆಕಿ ಈ ಹೊಸ್ತಲಾ ದಾಟಿ ಒಳಗ ಬಂದ್ಲು. ಒಂದ ದಿನ ನೀರ ಬೇಕೇನ್ರಿ ಅಂತ ಸೈತ ನಾ ಕೇಳಲಿಲ್ಲ. ಈಗ ನೀವು ಬಂದು ಆ ಬೈಗಳ ನಂದು ಅನ್ನಾಕತ್ತೀರಿ. ನಿಮಗ ಬೈಯಾಕ ನನ್ನ ಹತ್ರ ಏನೂ ಉಳದಿಲ್ಲ, ಅಕ್ಕಾರ. ಎಲ್ಲಾ ಆಕಿಗೆ ಬೈದ ಮುಗಿಸೀನಿ. ಅದನ್ನ ನಾ ಹೆಂಗ ವಾಪಸ್ ತಗೊಳ್ಳಲಿ?"

ಅವರು ಎದ್ದು ರುಮಾಲು ಹೆಗಲಿಗೆ ಹಾಕಿಕೊಂಡು, ನನ್ನನ್ನು ಬಸ್ ನಿಲ್ದಾಣದವರೆಗೆ ಕಳಿಸಲು ಬಂದರು. ಜಮಖಂಡಿಯ ಬಸ್ಸು ತಡವಾಗಿತ್ತು. ಅದು ಬರುವವರೆಗೂ ಇಬ್ಬರೂ ಪಕ್ಕಪಕ್ಕದಲ್ಲಿ ನಿಂತಿದ್ದೆವು, ಒಬ್ಬರ ಮುಖ ಒಬ್ಬರು ನೋಡಲಿಲ್ಲ.